ಗುರುವಾರ ಬರಬೇಕಿತ್ತು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಬೇರೆ ಊರಿನವರು ಗಾದೆ ಹೇಳುತ್ತಾರೆ. ಅವರಿಗೇನು, ಹೇಳುತ್ತಾರೆ. ನಮ್ಮೂರಲ್ಲಿ ಆಡಿದ ಮಾತು ಹೋಗುವುದಿಲ್ಲ. ಸರಿಯಾಗಿ ಐವತ್ತೆರಡು ವಾರ ಕಳೆದ ಮೇಲೆ, ಅದೇ ವಾರ, ಅದೇ ಗಳಿಗೆ, ಆಡಿದ ಜಾಗದಲ್ಲೇ, ಆಡಿದವರ ದನಿಯಲ್ಲೇ ಇನ್ನೊಂದು ಸಲ ಕೇಳುತ್ತದೆ. ಒಂದೇ ಸಲ. ಅಲ್ಲಿಗೆ ಅದರ ಋಣ ತೀರಿತು.

ಇಂಥ ಊರಿನಲ್ಲಿ ಜನ ನಾಲಿಗೆಯನ್ನು ಅಂಕೆಯಲ್ಲಿ ಇಟ್ಟುಕೊಂಡಿರುತ್ತಾರೆ ಎಂದು ನೀವು ಅಂದುಕೊಂಡರೆ ನಿಮ್ಮಷ್ಟು ಪಾಪದವರು ಬೇರೆ ಇಲ್ಲ. ನಮ್ಮವರು ಅಂಕೆಯಲ್ಲಿ ಇಟ್ಟುಕೊಂಡಿರುವುದು ಗಡಿಯಾರವನ್ನು. ಊರ ಹೊರಗಿನ ಹಳ್ಳದ ಸೇತುವೆ ದಾಟಿದರೆ ಮಾತು ಮರಳುವುದಿಲ್ಲ. ಹಾಗಾಗಿ ಸಂಜೆ ಐದಾಯಿತೆಂದರೆ ಸೇತುವೆಯ ಆಚೆ ಜಾತ್ರೆ. 'ಸ್ವಲ್ಪ ಸೇತುವೆಗೆ ಹೋಗಿ ಬರೋಣ' ಎಂದು ಯಾರಾದರೂ ಕರೆದರೆ ಅಲ್ಲಿ ಯಾರದೋ ಮಾನ ತೊಳೆಯುವುದಿದೆ ಎಂದೇ ಅರ್ಥ. ಮನೆಯೊಳಗೆ ಬಾಯಿ ತಪ್ಪಿ ಒಂದು ಮಾತು ಬಂದುಬಿಟ್ಟರೆ ತಕ್ಷಣ ಡೈರಿಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ: ಇಂಥ ವಾರ, ಇಷ್ಟು ಗಂಟೆ, ಅಡುಗೆಮನೆ, ಅತ್ತೆಯ ವಿಷಯ. ಮುಂದಿನ ವರ್ಷ ಆ ಹೊತ್ತಿಗೆ ಸರಿಯಾಗಿ ಮಿಕ್ಸಿ ಹಾಕುತ್ತಾರೆ. ನಮ್ಮೂರಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಮಿಕ್ಸಿ ತಿರುಗಿದರೆ ಅಲ್ಲಿ ಚಟ್ನಿ ಆಗುತ್ತಿಲ್ಲ ಎಂದು ಶಾಲೆಯ ಮಕ್ಕಳಿಗೂ ಗೊತ್ತು. ಮದುವೆಯಾಗಿ ಬಂದ ಹೊಸ ಸೊಸೆಯನ್ನು ಮೊದಲ ವರ್ಷ ಪದೇ ಪದೇ ತವರಿಗೆ ಕಳಿಸುವುದೂ ಪ್ರೀತಿಯಿಂದಲ್ಲ. ಅವಳು ಬರುವ ಮುಂಚೆ ಆ ಮನೆಯಲ್ಲಿ ಅವಳ ಬಗ್ಗೆ ಏನೇನು ಆಡಿಕೊಂಡಿದ್ದರೋ ಅದನ್ನೆಲ್ಲ ಅವಳು ಕೇಳಬಾರದಲ್ಲ, ಅದಕ್ಕೆ.

ನಾನು ಪ್ರಿಸಿಲ್ಲ. ಊರಿನ ಬಾಯಲ್ಲಿ ಪೆಟ್ಟಿಗೆ ಟೀಚರ್. ಚರ್ಚಿನಲ್ಲಿ ಕಾಲಿನಿಂದ ತುಳಿಯುವ ಹಾರ್ಮೋನಿಯಂ ಪೆಟ್ಟಿಗೆ ಬಾರಿಸುವುದು, ಸಂಡೆ ಸ್ಕೂಲಿನ ಮಕ್ಕಳಿಗೆ ಪಾಠ ಹೇಳುವುದು, ಮೂವತ್ತೊಂದು ವರ್ಷದಿಂದ ಇದೇ ಕೆಲಸ. ನಾಲಿಗೆಯನ್ನು ಕಾಯುವ ಬಗ್ಗೆ ಮಕ್ಕಳಿಗೆ ನಾನು ಹೇಳಿದಷ್ಟು ಪಾಠವನ್ನು ಯಾವ ಪಾದ್ರಿ ಅಯ್ಯನವರೂ ಹೇಳಿರಲಿಕ್ಕಿಲ್ಲ. ನನ್ನ ಮನೆಯಲ್ಲಿ ಡೈರಿ ಇರಲಿಲ್ಲ. ಊರಿಗೆಲ್ಲ ಡೈರಿ ಬೇಕು, ನನಗೆ ಬೇಡ ಎಂದು ಎಷ್ಟೋ ಜನರ ಮುಂದೆ ಹೇಳಿಕೊಂಡಿದ್ದೇನೆ. ಹೇಳಿಕೊಂಡಾಗ ಹಿತವಾಗಿಯೂ ಇರುತ್ತಿತ್ತು.

ಈ ಊರಿನ ನಿಯಮವನ್ನು ನಾನು ಬೈದುಕೊಂಡು ಬದುಕಿದವಳಲ್ಲ. ನನ್ನ ಯಜಮಾನರು ತೀರಿಕೊಂಡ ಮೇಲೆ ಒಂದು ವರ್ಷ ಅವರ ದನಿ ಮನೆಯಲ್ಲಿತ್ತು. ಊಟದ ಹೊತ್ತಿಗೆ 'ಉಪ್ಪು ಸಾಕು' ಎನ್ನುವುದು ಕೇಳುತ್ತಿತ್ತು. ಕೊನೆಯ ದಿನ ಅವರು ಹಾಸಿಗೆಯಿಂದ 'ಪ್ರಿಸಿಲ್ಲಾ, ಕಿಟಕಿ ತೆಗಿ' ಅಂದಿದ್ದರು. ಐವತ್ತೆರಡು ವಾರ ಕಳೆದು ಆ ಮಾತು ಮತ್ತೆ ಕೇಳಿದಾಗ ಎದ್ದು ಹೋಗಿ ಕಿಟಕಿ ತೆಗೆದೆ. ಅಲ್ಲಿಗೆ ಅವರ ಮಾತು ಮುಗಿಯಿತು. ಮಾತಿಗೆ ಎಷ್ಟು ತೂಕವಿದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಷ್ಟೆಲ್ಲ ಗೊತ್ತಿದ್ದವಳು ನಾನು ಎಂಬುದನ್ನು ನೀವು ನೆನಪಿಟ್ಟುಕೊಳ್ಳಿ.

ನಮ್ಮ ಚರ್ಚಿನ ಸಭೆಯಲ್ಲಿ ಭಾನುವಾರದ ಆರಾಧನೆ ಒಂದು ವರ್ಷ ಬೆಳಿಗ್ಗೆ ಏಳಕ್ಕೆ, ಮರುವರ್ಷ ಹತ್ತಕ್ಕೆ. ಹಾಗೆ ಮಾಡದಿದ್ದರೆ ಅಯ್ಯನವರು ಮಾಡುವ ಈ ವರ್ಷದ ಪ್ರಸಂಗದ ಮಾತಿನ ಮೇಲೆ ಹೋದ ವರ್ಷದ ಪ್ರಸಂಗ ಹತ್ತಿ ಕೂರುತ್ತದೆ. ನಾನು ಹೇಳುತ್ತಿರುವುದು ಹತ್ತರ ಆರಾಧನೆಯ ವರ್ಷದ ಕಥೆ. ಆಗ ನಮಗೆ ಹೊಸ ಅಯ್ಯನವರು ಬಂದಿದ್ದರು. ಬೇರೆ ಊರಿನವರು, ಇನ್ನೂ ಎಳೆಯರು, ಯಾವ ಹೊತ್ತಿಗೆ ಎಲ್ಲಿ ಯಾರ ದನಿ ಏಳುತ್ತದೋ ಎಂದು ಬೆಚ್ಚಿ ಬೆಚ್ಚಿ ತಿರುಗಿ ನೋಡುತ್ತಿದ್ದರು. ಅವರು ಬಂದ ಮೇಲೆ ಮಾಡಿದ ಒಳ್ಳೆಯ ಕೆಲಸವೆಂದರೆ ತಬಿತಾಳನ್ನು ಮತ್ತೆ ಚರ್ಚಿಗೆ ಕರೆತಂದದ್ದು.

ತಬಿತಾ ನನ್ನ ಸಂಡೆ ಸ್ಕೂಲಿನಲ್ಲಿ ಕಲಿತ ಹುಡುಗಿ, ಬೇಕರಿಯ ಯೋನಾತಾನನ ಹೆಂಡತಿ. ಅವಳ ಮೊದಲ ಕೂಸು ಹನ್ನೊಂದು ದಿನ ಬದುಕಿತ್ತು. ಮಣ್ಣು ಮಾಡಿದ ದಿನವೇ ಅವಳು ಸಮಾಧಿಯ ಹತ್ತಿರ ನಿಂತು, ಇನ್ನು ನಾನು ಪ್ರಾರ್ಥನೆಗೆ ಬರುವುದಿಲ್ಲ ಎಂದು ಎಲ್ಲರೆದುರು ಹೇಳಿದ್ದಳು. ಎರಡು ವರ್ಷ ಬರಲಿಲ್ಲ. ಅಷ್ಟರಲ್ಲಿ ಮತ್ತೊಂದು ಹೆಣ್ಣು ಕೂಸು ಹುಟ್ಟಿತು, ಉಳಿಯಿತು, ಆರು ತಿಂಗಳಾಯಿತು. ಹೊಸ ಅಯ್ಯನವರು ಅವರ ಮನೆಗೆ ಹೋಗಿ ಹೋಗಿ, ಏನು ಮಾತಾಡಿದರೋ, ಕೊನೆಗೆ ಕೂಸಿಗೆ ನೀರು ಹಾಕಿ ಹೆಸರಿಡುವ ದೀಕ್ಷಾಸ್ನಾನಕ್ಕೆ ದಿನ ಗೊತ್ತಾಯಿತು. ಅದನ್ನು ಸಭೆಯಲ್ಲಿ ಓದಿ ಹೇಳಿದ್ದೂ ಆಯಿತು.

ಅದಕ್ಕೆ ಮೂರು ದಿನ ಮುಂಚೆ, ಗುರುವಾರ ಮಧ್ಯಾಹ್ನ, ಜಯಶೀಲಪ್ಪನವರು ನಮ್ಮ ಮನೆಗೆ ಬಂದರು. ಅವರು ಸಭೆಯ ಹಿರಿಯರು, ರಿಟೈರ್ಡ್ ಹೆಡ್‌ಮಾಸ್ಟರು. ಮಳೆ ಇಲ್ಲದಿದ್ದರೂ ಕೊಡೆ ಹಿಡಿದುಕೊಂಡೇ ಓಡಾಡುವವರು. ಕಂಕುಳಲ್ಲಿ ಡೈರಿ ಇತ್ತು. ಕೊಟ್ಟ ಕಾಫಿಯನ್ನು ಮುಟ್ಟದೆ ಸುತ್ತಿ ಬಳಸಿ ವಿಷಯಕ್ಕೆ ಬಂದರು. ಹೋದ ವರ್ಷ ಅದೇ ಭಾನುವಾರ, ಏಳರ ಆರಾಧನೆ ಮುಗಿದ ಮೇಲೆ, ಅವರೂ ನಾನೂ ಇನ್ನಿಬ್ಬರೂ ಚರ್ಚಿನೊಳಗೆ ಉಳಿದು ಹಿತ್ತಾಳೆ ತಟ್ಟೆಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿದ್ದೆವು. ದೀಕ್ಷಾಸ್ನಾನದ ಕಲ್ಲುಬಾನಿಯ ಪಕ್ಕದಲ್ಲೇ ಕೂತಿದ್ದೆವು. ತಬಿತಾ ಮತ್ತೆ ಬಸುರಿ ಎಂಬ ಸುದ್ದಿ ಆ ವಾರವಷ್ಟೇ ಹರಡಿತ್ತು. ಆಗ ತಮ್ಮ ಬಾಯಿಂದ ಒಂದು ಮಾತು ಬಂದುಬಿಟ್ಟಿತು, ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಎಂದರು. ಡೈರಿ ತೆಗೆದು ತೋರಿಸಿದರು. 'ಇದೂ ಉಳಿಯೋ ಲಕ್ಷಣ ಇಲ್ಲ' ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದಿತ್ತು.

ನನಗೆ ಆ ಮಾತು ನೆನಪಿತ್ತು. ಆಗ ನಾನು ಸುಮ್ಮನೆ ತಟ್ಟೆ ಉಜ್ಜುತ್ತಿದ್ದೆ ಎಂಬುದೂ ಚೆನ್ನಾಗಿ ನೆನಪಿತ್ತು.

ಭಾನುವಾರ ಹತ್ತೂ ಇಪ್ಪತ್ತರ ಸುಮಾರಿಗೇ ತಬಿತಾ ಅದೇ ಬಾನಿಯ ಹತ್ತಿರ ಅದೇ ಕೂಸನ್ನು ಎತ್ತಿಕೊಂಡು ನಿಂತಿರುತ್ತಾಳೆ. ಆದ್ದರಿಂದ ಆ ಹೊತ್ತಿಗೆ ನಾನು ಪೆಟ್ಟಿಗೆಯನ್ನು ಸ್ವಲ್ಪ ಜೋರಾಗಿ ಬಾರಿಸಬೇಕು. ಇಷ್ಟೇ ಅವರು ಕೇಳಿದ್ದು. ನನಗೆ ಪಿತ್ತ ನೆತ್ತಿಗೇರಿತು. ಮೂವತ್ತೊಂದು ವರ್ಷ ದೇವರ ಸ್ತೋತ್ರಕ್ಕೆಂದು ತುಳಿದ ಪೆಟ್ಟಿಗೆಯನ್ನು ಈ ಮನುಷ್ಯ ಮಿಕ್ಸಿ ಮಾಡಹೊರಟಿದ್ದಾನಲ್ಲ ಎಂದು ಮೈಯೆಲ್ಲ ಉರಿಯಿತು. ಹುಟ್ಟದ ಕೂಸಿಗೆ ಸಾವು ಬರೆದವರು, ಅದರ ತಾಯಿಯ ಕಾಲು ಹಿಡಿಯುವುದು ಬಿಟ್ಟು ರಾಗದ ಹೊದಿಕೆ ಹುಡುಕಿಕೊಂಡು ಬಂದಿದ್ದೀರಲ್ಲ ಎಂದೆ. ಹೋಗಿ ಅವಳಿಗೆ ಹೇಳಿ ಕ್ಷಮೆ ಕೇಳಿ ಎಂದೆ. ಸಣ್ಣ ಮಾತನ್ನು ಯಾಕೆ ದೊಡ್ಡದು ಮಾಡುವುದು, ಈಗಷ್ಟೇ ಚರ್ಚಿಗೆ ಬರಲು ಒಪ್ಪಿದ್ದಾಳೆ ಎಂದು ಅವರು ತಡವರಿಸಿದರು.

"ನನಗೊಬ್ಬನಿಗೇ ಅಂತ ಕೇಳ್ತಾ ಇಲ್ಲ ಟೀಚರ್. ನಿಮಗೂ ಒಳ್ಳೇದು. ಅದರ ಹಿಂದೆಯೇ—"

"ನನ್ನ ಒಳ್ಳೇದು ನನಗೆ ಗೊತ್ತಿದೆ," ಎಂದು ಅವರ ಬಾಯಿ ಮುಚ್ಚಿಸಿದೆ. "ನಿಮ್ಮ ಮಾತು ನೀವೇ ಕೇಳಿಸಿಕೊಳ್ಳಿ. ಊರೂ ಕೇಳಲಿ."

ಅವರು ಕೊಡೆ ಎತ್ತಿಕೊಂಡು ಹೊರಟುಹೋದರು. ನನ್ನನ್ನು ಹೆದರಿಸಲು ನೋಡಿದರು ಎಂದೇ ನಾನು ತಿಳಿದದ್ದು. ಆ ಗುರುವಾರ, ಶುಕ್ರವಾರ, ಶನಿವಾರ ಮೂರು ದಿನವೂ ನಾನು ಒಳಗೊಳಗೇ ಜಯಶೀಲಪ್ಪನವರ ಜೊತೆ ಜಗಳವಾಡಿದೆ. ಪಾತ್ರೆ ತೊಳೆಯುವಾಗ ಆಡಿದೆ, ಅಕ್ಕಿ ಆರಿಸುವಾಗ ಆಡಿದೆ. ಪ್ರಾರ್ಥನೆಗೆ ಮೊಣಕಾಲೂರಿದರೂ ದೇವರ ಜೊತೆ ಎರಡು ಮಾತು, ಜಯಶೀಲಪ್ಪನವರ ಜೊತೆ ಇಪ್ಪತ್ತು ಮಾತು. ದೇವರೇ, ಭಾನುವಾರ ನ್ಯಾಯ ಆಗಲಿ ಎಂದು ಬೇಡಿಕೊಂಡೆ. ತಬಿತಾಳ ಮನೆ ನಮ್ಮ ಬೀದಿಯಿಂದ ಎರಡನೇ ಬೀದಿ. ನಡೆದರೆ ಐದು ನಿಮಿಷ.

ಭಾನುವಾರ ಚರ್ಚು ತುಂಬಿತ್ತು. ತಬಿತಾ ಬಿಳಿ ಸೀರೆಯಲ್ಲಿ ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಎರಡು ವರ್ಷದ ಮೇಲೆ ಬಂದವಳಾದ್ದರಿಂದ ಸೆರಗು, ಪುಸ್ತಕ, ಕೂಸಿನ ಟೊಪ್ಪಿ ಯಾವುದನ್ನು ಹೇಗೆ ಹಿಡಿದುಕೊಳ್ಳುವುದೆಂದು ತಿಳಿಯದೆ ಒದ್ದಾಡುತ್ತಿದ್ದಳು. ನಮ್ಮ ತಟ್ಟೆ ಉಜ್ಜುವ ಹೊತ್ತಿನ ಹಳೆಯ ಮಾತುಗಳು ಆಗಲೇ ಅಲ್ಲಲ್ಲಿ ಏಳುತ್ತಿದ್ದವು. ಬೈಬಲ್ ಪಾಠ ಓದುವಾಗ ಬಾನಿಯ ಕಡೆಯಿಂದ 'ಹುಣಸೆಹಣ್ಣು ಇನ್ನೊಂಚೂರು ಕೊಡಿ' ಎಂದು ನನ್ನ ದನಿ ಬಂತು. ಕೆಲವರು ನನ್ನ ಕಡೆ ತಿರುಗಿ ನಕ್ಕರು, ನಾನೂ ನಕ್ಕೆ. ಅಂಥದಕ್ಕೆಲ್ಲ ನಮ್ಮೂರಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಜಯಶೀಲಪ್ಪನವರು ಮಾತ್ರ ಗೋಡೆ ಗಡಿಯಾರದಿಂದ ಕಣ್ಣು ತೆಗೆದಿರಲಿಲ್ಲ.

ಅಯ್ಯನವರು ತಬಿತಾ ಮತ್ತು ಯೋನಾತಾನರನ್ನು ಬಾನಿಯ ಹತ್ತಿರ ಕರೆದರು. ದೀಕ್ಷಾಸ್ನಾನದ ಹೊತ್ತಿಗೆ ಮೆಲ್ಲಗೆ ಒಂದು ರಾಗ ಬಾರಿಸುವುದು ನಮ್ಮಲ್ಲಿ ರೂಢಿ. ಯಾರೂ ಹೇಳಬೇಕಿಲ್ಲ, ಮೂವತ್ತೊಂದು ವರ್ಷ ಪ್ರತಿ ಕೂಸಿಗೂ ನಾನು ಬಾರಿಸಿದ್ದೆ. ಆ ದಿನ ಎರಡೂ ಕೈಯನ್ನು ಪೆಟ್ಟಿಗೆಯ ಮೇಲಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಜಯಶೀಲಪ್ಪನವರು ತಿರುಗಿ ನನ್ನನ್ನು ನೋಡಿದರು. ಬೇಡಿಕೊಳ್ಳುವ ಹಾಗೆ ನೋಡಿದರು. ನಾನು ಮುಖ ಗಂಟಿಕ್ಕಿಕೊಂಡು ಕೂತೆ. ಒಳಗೆ ಎಂಥ ಸಂತೋಷ ಆಯಿತೆಂದು ಈಗ ಹೇಳಲು ನಾಚಿಕೆಯಾಗುತ್ತದೆ.

ಅಯ್ಯನವರು ನೀರಿಗೆ ಕೈ ಹಾಕಿದರು. ಆಗ ಬಾನಿಯ ಪಕ್ಕದಿಂದ ಜಯಶೀಲಪ್ಪನವರ ದನಿ ಸ್ಪಷ್ಟವಾಗಿ ಬಂತು.

"ತಬಿತಾ ಮತ್ತೆ ಬಸುರಿಯಂತೆ. ಇದೂ ಉಳಿಯೋ ಲಕ್ಷಣ ಇಲ್ಲ."

ನಾನು ತಲೆಯೆತ್ತಿ ಸುತ್ತ ನೋಡಿದೆ, ಎಲ್ಲರೂ ಕೇಳಿದರೋ ಇಲ್ಲವೋ ಎಂದು. ಅಷ್ಟರಲ್ಲಿ ಇನ್ನೊಂದು ದನಿ ಬಂತು. ಅದು ನನ್ನದು.

"ಉಳಿಯೋದಿದ್ರೆ ಮೊದಲನೇದೇ ಉಳೀತಿತ್ತು. ದೇವರಿಗೇ ಅವಳ ಮೇಲೆ ಮನಸ್ಸಿಲ್ಲ ಬಿಡಿ. ಆ ತಟ್ಟೆ ಇತ್ತ ಕೊಡಿ."

ಕೋಪದಿಂದ ಆಡಿದ್ದಲ್ಲ. ಹಗೆಯಿಂದಲೂ ಅಲ್ಲ. ಹುಣಸೆಹಣ್ಣು ಕೇಳಿದ ದನಿಯಲ್ಲೇ ಆಡಿದ್ದೆ. ಆಡಿ, ತಟ್ಟೆ ತೆಗೆದುಕೊಂಡು, ಉಜ್ಜಿ, ಮನೆಗೆ ಹೋಗಿ ಉಂಡು ಮಲಗಿದ್ದೆ. ಅದು ಮಾತು ಎಂದೇ ನನಗೆ ಅನಿಸಿರಲಿಲ್ಲ. ಜಯಶೀಲಪ್ಪನವರು ತಮ್ಮ ಮಾತನ್ನಾದರೂ ಮಾತೆಂದು ಗುರುತಿಸಿ ಬರೆದಿಟ್ಟುಕೊಂಡಿದ್ದರು. ನನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು, ನಾನು ಅವರ ಎಲೆಯ ನೊಣ ಓಡಿಸಲು ಹೊರಟಿದ್ದೆ. ದೇವರ ಮನಸ್ಸಿನಲ್ಲಿ ಯಾರಿದ್ದಾರೆ ಯಾರಿಲ್ಲ ಎಂದು ಹೇಳಲು ನನಗೆ ಅಧಿಕಾರ ಕೊಟ್ಟವರು ಯಾರು ಎಂದು ಈಗ ಕೇಳಿಕೊಂಡರೆ ಮೈ ಪರಚಿಕೊಳ್ಳುವಷ್ಟು ಸಿಟ್ಟು ಬರುತ್ತದೆ.

ನಾನು ಎದ್ದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಜಯಶೀಲಪ್ಪನವರೂ ನಿಲ್ಲಲಿಲ್ಲ. ಅಯ್ಯನವರ ಬೊಗಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೂಸು ಆ ನೀರಿಗೆ ಕೈ ಚಾಚುತ್ತಿತ್ತು. ಯೋನಾತಾನ ಹೆಂಡತಿಯ ಮೊಣಕೈ ಹಿಡಿದು, ಹೋಗೋಣ ಎಂಬಂತೆ ಎಳೆದ. ತಬಿತಾ ಹೋಗಲಿಲ್ಲ. ಅವಳು ಪೆಟ್ಟಿಗೆಯ ಕಡೆ ಒಂದು ಸಲವೂ ತಿರುಗಿ ನೋಡಲಿಲ್ಲ.

"ಅಯ್ಯನೋರೆ, ಕೂಸಿನ ಹೆಸರು ಕೇಳಿ," ಎಂದಳು.

ಅವರು ಕೇಳಿದರು. "ಅಮೂಲ್ಯ," ಎಂದಳು, ಕಡೆಯ ಬೆಂಚಿಗೂ ಕೇಳುವ ಹಾಗೆ. ನೀರು ಬಿತ್ತು. ಅಮೂಲ್ಯ ಅಳಲಿಲ್ಲ. ಗೀತೆ ಶುರುವಾಯಿತು, ಆದರೆ ನನ್ನ ಬೆರಳು ಏಳಲಿಲ್ಲ. ಸಭೆ ಪೆಟ್ಟಿಗೆಯಿಲ್ಲದೆ ಅಡ್ಡಾದಿಡ್ಡಿಯಾಗಿ ಹಾಡಿ ಮುಗಿಸಿತು.

ಮರುದಿನ, ಸೋಮವಾರ ಹನ್ನೊಂದು ಗಂಟೆಗೆ, ನಾನು ತಬಿತಾಳ ಮನೆಯ ಹೊಸ್ತಿಲಲ್ಲಿ ನಿಂತಿದ್ದೆ. ಕ್ಷಮೆ ಕೇಳಲು ಹೋಗುತ್ತಿದ್ದೇನೆ ಎಂದು ಮನೆಯಿಂದ ಹೊರಟಾಗ ಅಂದುಕೊಂಡಿದ್ದೆ. ಬಾಯಿ ತೆರೆದಾಗ ಬಂದದ್ದೇ ಬೇರೆ. ಜಯಶೀಲಪ್ಪನವರೇ ಮೊದಲು ಆಡಿದ್ದು ಎಂದೆ. ನನಗೆ ನೆನಪೇ ಇರಲಿಲ್ಲ ಎಂದೆ. ಗುರುವಾರ ಅವರು ಪೆಟ್ಟಿಗೆ ಜೋರಾಗಿ ಬಾರಿಸು ಎಂದಾಗ, ನಿನ್ನ ಪರವಾಗಿಯೇ ನಾನು ಒಪ್ಪಲಿಲ್ಲ ಎಂದೂ ಹೇಳಿದೆ. ಅದನ್ನು ಹೇಳಿದ್ದೇ ತಡ, ಅವಳು ಕೂಸನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಾಯಿಸಿ ನನ್ನನ್ನು ನೆಟ್ಟಗೆ ನೋಡಿದಳು.

"ಗುರುವಾರವೇ ಗೊತ್ತಿತ್ತಾ ನಿಮಗೆ?"

ನಾನು ಹೌದೆಂದು ತಲೆಯಾಡಿಸಿದೆ.

"ಹೋದ ವರ್ಷ ಆಡಿದ್ದು ಬಾಯಿ ತಪ್ಪಿ ಆಡಿದ್ರಿ, ಇರಲಿ. ಊರಲ್ಲಿ ಎಲ್ಲರೂ ಆಡಿರ್ತಾರೆ. ಆದರೆ ಮೂರು ದಿನ ಗೊತ್ತಿದ್ದೂ ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಅವರಿಗೆ ಅವಮಾನ ಆಗೋದನ್ನ ನೋಡೋಕೆ ನನ್ನನ್ನೂ ನನ್ನ ಕೂಸನ್ನೂ ಅಲ್ಲಿ ನಿಲ್ಲಿಸಿದ್ರಿ. ನೀವು ಗುರುವಾರ ಬರಬೇಕಿತ್ತು ಟೀಚರ್."

ಆಡಿದ ಮಾತನ್ನೇ ಕಾಯುವ ಊರಿನಲ್ಲಿ ಹುಟ್ಟಿ ಬೆಳೆದವಳು, ಆಡದೆ ಬಿಟ್ಟ ಮಾತಿನ ಬಗ್ಗೆ ನಾನು ಯೋಚಿಸಿದವಳೇ ಅಲ್ಲ. ಅದು ಐವತ್ತೆರಡು ವಾರಕ್ಕೂ ಬರುವುದಿಲ್ಲ, ನೂರು ವಾರಕ್ಕೂ ಬರುವುದಿಲ್ಲ. ಅದಕ್ಕೆ ಯಾರೂ ಡೈರಿ ಇಡುವುದಿಲ್ಲ. ದೇವರ ವಿಷಯದಲ್ಲಿ ಆಡಿದ್ದಕ್ಕಾದರೂ ಕ್ಷಮಿಸು ಎಂದು ತೊದಲಿದೆ. ಅದಕ್ಕೆ ಅವಳು ಹೇಳಿದ್ದನ್ನು ನಾನು ಬದುಕಿರುವವರೆಗೂ ಮರೆಯುವುದಿಲ್ಲ.

"ದೇವರಿಗೆ ನನ್ನ ಮೇಲೆ ಮನಸ್ಸಿದೆಯೋ ಇಲ್ವೋ ನೀವು ಹೇಳಬೇಕಾದ್ದಲ್ಲ. ಕೂಸು ಹೋದ ಮೇಲೆ ಒಂದು ವರ್ಷ ನಾನು ದಿನಾ ಒಗೆಯೋ ಕಲ್ಲಿನ ಹತ್ರ ನಿಂತು ಆ ದೇವರನ್ನ ಬೈದಿದ್ದೀನಿ. ಬಾಯಿಗೆ ಬಂದ ಹಾಗೆ ಬೈದಿದ್ದೀನಿ. ಎರಡನೇ ವರ್ಷ ಅದೆಲ್ಲ ವಾಪಸ್ ಬಂತು. ಬಟ್ಟೆ ಒಗೀತಾ ಒಂದು ವರ್ಷ ಪೂರ್ತಿ ನನ್ನ ಬೈಗುಳ ನಾನೇ ಕೇಳಿದೆ. ಅಷ್ಟು ಬೈದ್ರೂ ಆ ಕಡೆಯಿಂದ ಒಂದು ಸಲನೂ ತಿರುಗಿ ಬೈದಿಲ್ಲ. ಎದ್ದೂ ಹೋಗಿಲ್ಲ. ನನ್ನಮ್ಮ ಇದ್ದಿದ್ರೂ ಇಷ್ಟು ಕೇಳಿಸ್ಕೊಂಡು ಕೂತಿರ್ತಿರಲಿಲ್ಲ. ಅದು ಗೊತ್ತಾದ ಮೇಲೇ ನಾನು ಅಯ್ಯನೋರಿಗೆ ಬರ್ತೀನಿ ಅಂದಿದ್ದು. ನಿಮ್ಮ ಮಾತಿಂದ ಬರೋದನ್ನ ಬಿಡೋದೂ ಇಲ್ಲ."

ಹೇಳಿ, ಬಾಗಿಲು ಹಾಕಿಕೊಂಡಳು. ಒಳಗೆ ಕರೆಯಲಿಲ್ಲ. ಕರೆಯಬೇಕಾಗಿಯೂ ಇರಲಿಲ್ಲ.

ಈ ಘಟನೆಯಿಂದ ನಮ್ಮ ಸಭೆ ಏನು ಕಲಿಯಿತು ಎಂದು ಕೇಳುತ್ತೀರಾ? ಮುಂದಿನ ತಿಂಗಳು ಕಮಿಟಿ ಕೂತು, ದೀಕ್ಷಾಸ್ನಾನದ ಹೊತ್ತಿಗೆ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ನಿಲ್ಲಿಸಕೂಡದು ಎಂದು ಠರಾವು ಮಾಡಿತು. ಅದಕ್ಕೆ ಕೈ ಎತ್ತಿದವರಲ್ಲಿ ಜಯಶೀಲಪ್ಪನವರೇ ಮೊದಲಿಗರು. ಕಮಿಟಿ ಕೂತದ್ದೂ ಸೇತುವೆಯ ಆಚೆ. ಇಂಥವರಿಗೆ ಏನು ಹೇಳುವುದು? ಅಯ್ಯನವರು ಒಬ್ಬರೇ, ಹೀಗೆ ಮಾಡುವುದಾದರೆ ಚರ್ಚನ್ನೇ ಸೇತುವೆಯ ಆಚೆ ಕಟ್ಟಿಬಿಡಿ ಎಂದು ಬೇಸರದಿಂದ ಹೇಳಿದರಂತೆ. ಅದನ್ನು ಒಳ್ಳೆಯ ಸಲಹೆ ಎಂದುಕೊಂಡವರೂ ಇದ್ದಾರೆ.

ಜಯಶೀಲಪ್ಪನವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಇಲ್ಲ ಎಂದರೆ ಸುಳ್ಳಾಗುತ್ತದೆ. ನಿಮ್ಮದೂ ಒಂದು ಮಾತಿದೆ ಎಂದು ಆ ಗುರುವಾರ ನೇರವಾಗಿ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು ಎಂದು ನೂರು ಸಲ ಅಂದುಕೊಂಡಿದ್ದೇನೆ. ಹೇಳಲು ಬಾಯಿ ತೆರೆದಿದ್ದರು, ಮುಚ್ಚಿಸಿದವಳು ನಾನು ಎಂದು ನೂರೊಂದನೆಯ ಸಲ ನೆನಪಾಗುತ್ತದೆ. ಆ ವರ್ಷ ಪೂರ್ತಿ ತಬಿತಾ ಪ್ರತಿ ಭಾನುವಾರ ಬಂದಳು. ನಾನು ಬಾರಿಸಿದ ರಾಗಕ್ಕೆ ಹಾಡಿದಳು. ನನ್ನ ಜೊತೆ ಮಾತಾಡಲಿಲ್ಲ. ನಾನು ದೇವರ ಮುಂದೆ ಕೂತಾಗ, ತಬಿತಾ ಹೇಳಿದ್ದನ್ನೇ ಹಿಡಿದುಕೊಂಡೆ. ತಿರುಗಿ ಬೈಯದವನು, ಎದ್ದು ಹೋಗದವನು. ನನ್ನ ಮಾತನ್ನೂ ಅವನು ಕೇಳಿಸಿಕೊಂಡಿದ್ದಾನೆ, ಇನ್ನೂ ಅಲ್ಲೇ ಕೂತಿದ್ದಾನೆ. ಅಷ್ಟು ನಂಬಿಕೆ ಇಲ್ಲದಿದ್ದರೆ ನಾನು ಮತ್ತೆ ತಬಿತಾಳ ಬೀದಿಗೆ ಕಾಲಿಡುತ್ತಿರಲಿಲ್ಲ.

ಈ ವರ್ಷ ಒಂದು ಡೈರಿ ಕೊಂಡೆ. ಅದರಲ್ಲಿ ಬರೆದಿರುವುದು ಒಂದೇ ಸಾಲು: ಸೋಮವಾರ, ಹನ್ನೊಂದು ಗಂಟೆ, ತಬಿತಾಳ ಹೊಸ್ತಿಲು. ನಾನು ನನ್ನನ್ನು ಸಮರ್ಥಿಸಿಕೊಂಡ ಆ ನಾಚಿಕೆಗೇಡಿನ ಮಾತೆಲ್ಲ ಮತ್ತೆ ಅಲ್ಲಿ ಏಳಬೇಕಾದ ದಿನ. ಈಗ ಅಮೂಲ್ಯ ಒಂದೂವರೆ ವರ್ಷದವಳು. ಆ ಹೊಸ್ತಿಲ ಮೇಲೇ ಕೂತು ಬೀದಿ ನೋಡುತ್ತಾಳೆ.

ಅದಕ್ಕೆ ನಾನು ನಾಲ್ಕು ದಿನ ಮುಂಚೆ, ಗುರುವಾರ ಮಧ್ಯಾಹ್ನ ಹೋದೆ. ತಬಿತಾ ಬಾಗಿಲು ತೆರೆದಳು. ಇಬ್ಬರೂ ನಿಂತೆವು. ಹೋದ ವರ್ಷದ ಆ ಗುರುವಾರ ಅಲ್ಲಿಗೆ ಯಾರೂ ಬಂದಿರಲಿಲ್ಲ, ಯಾರೂ ಏನೂ ಹೇಳಿರಲಿಲ್ಲ. ಹಾಗಾಗಿ ನಾವು ನಿಂತ ಜಾಗದಲ್ಲಿ ಒಂದು ಹಳೆಯ ಮಾತೂ ಏಳಲಿಲ್ಲ. ಅಷ್ಟು ಖಾಲಿಯಾದ ಹೊಸ್ತಿಲನ್ನು ನಾನು ಈ ಊರಲ್ಲಿ ಕಂಡಿಲ್ಲ. ಅದನ್ನು ಖಾಲಿ ಬಿಟ್ಟವಳು ನಾನೇ.

"ಸೋಮವಾರ ನನ್ನ ಮಾತು ಇಲ್ಲಿ ಕೇಳುತ್ತೆ ತಬಿತಾ. ಮುಂಚೆ ಹೇಳೋಕೆ ಬಂದೆ," ಎಂದೆ. "ಅವತ್ತು ಆಡಿದ್ದೂ ತಪ್ಪು, ಗುರುವಾರ ಸುಮ್ಮನಿದ್ದದ್ದು ಇನ್ನೂ ದೊಡ್ಡ ತಪ್ಪು. ಜಯಶೀಲಪ್ಪನವರದಲ್ಲ. ನನ್ನದು."

ಅಮೂಲ್ಯ ಬಂದು ತಾಯಿಯ ಸೆರಗು ಹಿಡಿದುಕೊಂಡಳು. ತಬಿತಾ ಅವಳನ್ನು ಎತ್ತಿಕೊಂಡಳು. ಆಮೇಲೆ ಬಾಗಿಲ ಪಕ್ಕಕ್ಕೆ ಸರಿದಳು.

"ಗುರುವಾರ ಬಂದಿದ್ದೀರಿ," ಎಂದಳು. "ಒಳಗೆ ಬನ್ನಿ ಟೀಚರ್."